ಸೋರದ ಕೇರಿಯ ದೂರು ಪುಸ್ತಕ

ಕಾಫಿ ತೋಟಕ್ಕೆ ಹೋಗುವ ಹೆಂಗಸರೆಲ್ಲ ಮುಳ್ಳು ತೆಗೆಯಲಿಕ್ಕೆ ಬೇಕಾಗುತ್ತದೆಂದು ತಾಳಿಸರಕ್ಕೆ ಒಂದು ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಗಂಗಾಮಣಿಯ ಸರದಲ್ಲೂ ಪಿನ್ನಿತ್ತು. ಆದರೆ ಅದಕ್ಕೆ ಪೋಣಿಸಿದ ಹನ್ನೊಂದು ವಾಷರ್‌ಗಳೂ ಇದ್ದವು. ಅರ್ಧ ಇಂಚಿನವು, ಮುಕ್ಕಾಲು ಇಂಚಿನವು, ಗೀಸರ್ ಪೈಪಿಗೆ ಹಾಕುವ ತೆಳ್ಳನೆಯವು. ಅವಳು ಬಗ್ಗಿದಾಗೆಲ್ಲ ತಾಳಿಗೆ ರಬ್ಬರು ತಾಗಿ ಸದ್ದೇ ಆಗುತ್ತಿರಲಿಲ್ಲ.

"ಗಂಡನ ಆಯಸ್ಸಿಗೆ ತಾಳಿ ಸರಿ ಕಣವ್ವಾ, ಈ ರಬ್ಬರ್ ಯಾರ ಆಯಸ್ಸಿಗೆ?" ಎಂದು ಮೇಲ್ಕೇರಿಯ ಭದ್ರಮ್ಮಜ್ಜಿ ಕೇಳಿದರೆ, ಗಂಗಾಮಣಿ, "ಗಂಡ ಗೊಣಗಿದ್ರೆ ಕಿವಿ ಮುಚ್ಕಬೋದು ಅಜ್ಜೀ, ನಲ್ಲಿ ತೊಟ್ಟಿಕ್ತಾ ಇದ್ರೆ ನಂಗೆ ಅನ್ನ ಇಳಿಯಲ್ಲ" ಅನ್ನುತ್ತಿದ್ದಳು. ಗಂಡ ಗುಂಡಯ್ಯ ಪಕ್ಕದಲ್ಲೇ ಇದ್ದರೂ ಗೊಣಗುತ್ತಿರಲಿಲ್ಲ. ಈ ವಿದ್ಯೆಗೆ ಮೊದಲ ಬಲಿ ಕೊಟ್ಟವನೇ ಅವನು.

ನಾಲ್ಕು ವರ್ಷದ ಹಿಂದೆ ಅವರ ಅಡುಗೆಮನೆಯ ನಲ್ಲಿ ಸೋರತೊಡಗಿದಾಗ, ಕಲ್ಲಬೈಲಿನ ವಾಟರ್‌ಮ್ಯಾನ್ ಆಗಿದ್ದ ಸೋಮಯ್ಯ ಬಂದು ನೋಡಿದ್ದ. ಸೋಮಯ್ಯನ ವೈದ್ಯದಲ್ಲಿ ಇದ್ದದ್ದು ಒಂದೇ ಔಷಧಿ, ಸೈಕಲ್ ಟ್ಯೂಬಿನ ಪಟ್ಟಿ. ಎಲ್ಲಿ ಸೋರಿದರೂ ಅದನ್ನೇ ಸುತ್ತಿ ಗಂಟು ಹಾಕುತ್ತಿದ್ದ. ಅವನ ಕಾಲದಲ್ಲಿ ಕಲ್ಲಬೈಲಿನ ನಲ್ಲಿಗಳೆಲ್ಲ ಕುತ್ತಿಗೆ ಉಳುಕಿಸಿಕೊಂಡು ಆಸ್ಪತ್ರೆಯಿಂದ ಬಂದವರ ಹಾಗೆ ಕಾಣುತ್ತಿದ್ದವು. ಪಟ್ಟಿ ಸುತ್ತಿದ ಮೂರನೇ ದಿನಕ್ಕೇ ನಲ್ಲಿ ಮತ್ತೆ ತೊಟ್ಟಿಕ್ಕಿದಾಗ ಗಂಗಾಮಣಿಗೆ ರೇಗಿಹೋಯಿತು. ತೋಟದ ಸ್ಪ್ರೇ ಮೋಟಾರಿನ ಬೋಲ್ಟು ಬಿಚ್ಚುವ ಪಾನ ತಂದು ನಲ್ಲಿಯನ್ನೇ ಬಿಚ್ಚಿದಳು. ಒಳಗೆ ಸವೆದು ಹಪ್ಪಳವಾಗಿದ್ದ ಒಂದು ರಬ್ಬರಿನ ಬಿಲ್ಲೆ. ಇಷ್ಟೇನಾ ಸಂಗತಿ ಎಂದು, ಗುಂಡಯ್ಯನ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಅಷ್ಟೇ ಅಗಲದ್ದನ್ನು ಕೊಯ್ದು ಕೂರಿಸಿದಳು. ನಲ್ಲಿ ಗಪ್‌ಚಿಪ್. ಗುಂಡಯ್ಯ ಮಾತ್ರ ಒಂದು ವಾರ ಕಲ್ಲು ಸಿಕ್ಕಿಕೊಂಡ ಚಪ್ಪಲಿಯಲ್ಲಿ ಕುಂಟಿದ.

ಆಮೇಲೆ ಸಕಲೇಶಪುರದ ಇಸ್ಹಾಕ್ ಸಾಹೇಬರ ಹಾರ್ಡ್‌ವೇರ್ ಅಂಗಡಿಗೆ ಹೋದಾಗ, ಅವರು ಚಪ್ಪಲಿಯ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಕೈ ಚೆನ್ನಾಗೈತೆ ಅಕ್ಕಾ, ಆದ್ರೆ ಮನೇಲಿರೋರಿಗೆಲ್ಲ ಚಪ್ಪಲಿ ಕೊಡ್ಸೋಷ್ಟರಲ್ಲಿ ನೀವು ದಿವಾಳಿ ಆಗ್ಬುಡ್ತೀರ. ಹಳೇ ವಾಷರ್ ತಗೊಂಡ್ ಬನ್ನಿ, ಅದೇ ಅಳತೇದು ಕೊಡ್ತೀನಿ. ಸ್ಯಾಂಪಲ್ ಇಲ್ದೆ ಬಂದು 'ನಮ್ಮನೆ ನಲ್ಲಿ ನಿಮ್ಗೆ ಗೊತ್ತಲ್ಲ' ಅಂದ್ರೆ, ನಾನು ನಿಮ್ಮನೆ ನಲ್ಲಿಗೆ ನೆಂಟ ಅಲ್ಲ."

ಅಲ್ಲಿಂದ ಶುರುವಾದದ್ದು. ಊರಿನ ಅರ್ಧ ನಲ್ಲಿಗಳು ಗಂಗಾಮಣಿಯ ಕೈಯಲ್ಲಿ ಹಾದುಹೋದವು. ಪ್ರತಿಫಲವಾಗಿ ಬದನೆಕಾಯಿ ಬಂತು, ಹಲಸಿನ ತೊಳೆ ಬಂತು, 'ನಿನ್ ಕೈಗುಣ ದೊಡ್ದು ಕಣವ್ವಾ' ಅನ್ನುವ ಮಾತು ಬಂತು. ಬದನೆಕಾಯಿ ಪಲ್ಯವಾಯಿತು, ಮಾತು ಗಾಳಿಗೆ ಹೋಯಿತು. ಸೋಮಯ್ಯ ಮಂಡಿನೋವೆಂದು ಕೆಲಸ ಬಿಟ್ಟಾಗ ಗಂಗಾಮಣಿಗೆ ಅನ್ನಿಸಿದ್ದು ಇಷ್ಟೇ: ಆ ಮಾತಿನ ಕೆಳಗೊಂದು ಪಂಚಾಯಿತಿ ಸೀಲು ಬೀಳಬೇಕು. ತೋಟದ ಹಾಜರಿಯಲ್ಲಿ ಇಪ್ಪತ್ತು ವರ್ಷ 'ಹೆಣ್ಣಾಳು' ಎಂದು ಬರೆಸಿಕೊಂಡವಳು, ಒಂದು ಕಾಗದದಲ್ಲಾದರೂ ತಾನು ಬಲ್ಲ ಕೆಲಸದ ಹೆಸರಿನ ಜೊತೆ ತನ್ನ ಹೆಸರು ನೋಡಬೇಕು. ಅರ್ಜಿ ಹಾಕಿದಳು.

ಅರ್ಜಿ ಹಾಕಿದ ಇನ್ನೊಬ್ಬ ರಾಜೇಶ್. ಪಂಚಾಯಿತಿ ಅಧ್ಯಕ್ಷ ಸುರೇಂದ್ರನ ಹೆಂಡತಿಯ ತಮ್ಮ. ಮೂರು ಕೆಲಸ ಹಿಡಿದು ಮೂರನ್ನೂ ಬಿಟ್ಟು ಬಂದ ಅನುಭವಸ್ಥ. ಅವನ ಹತ್ತಿರ ಹನ್ನೆರಡು ಪಾನಗಳಿರುವ ಒಂದು ನೀಲಿ ಚೀಲವಿತ್ತು. ಆ ಚೀಲ ಹೆಗಲಿಗೆ ಹಾಕಿಕೊಂಡು ಅವನು ನಡೆದರೆ ಯಾವ ಪೈಪೂ ಹೆದರಬೇಕು, ಹಾಗಿರುತ್ತಿತ್ತು. ಚೀಲದ ಜಿಪ್ಪು ತೆಗೆದದ್ದನ್ನು ಕಂಡವರು ಕಡಿಮೆ.

ಹೊಸದಾಗಿ ಬಂದಿದ್ದ ಪಿಡಿಒ ಮಂಜುಶ್ರೀ ಮೇಡಂ ಎದುರಿಗೆ ನೇರವಾಗಿ ಬಾಮೈದನ ಹೆಸರು ಹೇಳಲು ಸುರೇಂದ್ರನಿಗೂ ನಾಚಿಕೆಯಾಗಿರಬೇಕು. ಸಭೆಯಲ್ಲಿ ನ್ಯಾಯದ ತಕ್ಕಡಿಯನ್ನೇ ತಂದಿಟ್ಟ. "ಒಂದು ತಿಂಗ್ಳು ಪರೀಕ್ಷೆ ಮಾಡಾಣ ಮೇಡಂ. ಮೇಲ್ಕೇರಿ ಗಂಗಾಮಣಿಗೆ, ಕೆಳಕೇರಿ ರಾಜೇಶ್‌ಗೆ. ಒಬ್ರ ಕೇರೀಲಿ ಇನ್ನೊಬ್ರು ಕೈ ಹಾಕಂಗಿಲ್ಲ. ಕೇರಿಗೊಂದು ದೂರು ಪುಸ್ತಕ ಇಡಾಣ. ಯಾರು ಹೆಚ್ಚು ದೂರು ಬಗೆಹರಿಸ್ತಾರೋ ಅವ್ರಿಗೇ ಕೆಲ್ಸ." ಮೇಡಂ ತಲೆಯಾಡಿಸಿದರು, ಸದಸ್ಯರು ತಲೆಯಾಡಿಸಿದರು. ಹಿಂದೆ ನಿಂತಿದ್ದ ಗಂಗಾಮಣಿಯೂ, ಸರಿಯಾಗೇ ಐತಲ್ಲ ಎಂದುಕೊಂಡು ತಲೆಯಾಡಿಸಿದಳು. ಎಡವಟ್ಟಾದದ್ದು ಅಲ್ಲೇ.

ಕಲ್ಲಬೈಲೆಂದರೆ ಹೆಗ್ಗದ್ದೆಯಿಂದ ಮೇಲಕ್ಕೆ, ಗುಡ್ಡದ ಬೆನ್ನಿಗೆ ಅಂಟಿಕೊಂಡ ಊರು. ನೆತ್ತಿಯ ಮೇಲೆ ನೀರಿನ ಟ್ಯಾಂಕು. ಅಲ್ಲಿಂದ ಹೊರಟ ಒಂದೇ ಪೈಪು ಮೊದಲು ಮೇಲ್ಕೇರಿಗೆ ನೀರು ಕೊಟ್ಟು, ಮಿಕ್ಕಿದ್ದನ್ನು ಕೆಳಕೇರಿಗೆ ಇಳಿಸುತ್ತಿತ್ತು. ಗಂಗಾಮಣಿ ಮೊದಲ ವಾರದಲ್ಲೇ ಮೇಲ್ಕೇರಿಯ ಇಪ್ಪತ್ತೆಂಟು ಮನೆಯ ನಲ್ಲಿಗಳನ್ನೂ ಬಿಚ್ಚಿ, ಸವೆದ ವಾಷರ್ ತೆಗೆದು ಹೊಸದು ಹಾಕಿದಳು. ಅವಳಿಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಗೊತ್ತಿಲ್ಲ. ಮನೆಯ ಹೆಂಗಸನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠ ಹೇಳುತ್ತಲೇ ಮಾಡಿದಳು. "ನೋಡು, ಮೊದ್ಲು ಟ್ಯಾಂಕಿನ ವಾಲ್ ಬಂದ್ ಮಾಡ್ಬೇಕು. ಇಲ್ದಿದ್ರೆ ಮುಖಕ್ಕೆ ಅಭಿಷೇಕ ಆಗ್ಬುಡ್ತದೆ. ಆಮೇಲೆ ಎಡಕ್ಕೆ ತಿರುಗ್ಸು. ನಲ್ಲಿಗೆ ಕೋಪ ಮಾಡ್ಕಬಾರ್ದು, ಮಗೀಗೆ ಹಲ್ಲುಜ್ಜಿಸ್ದಂಗೆ ಮೆತ್ತಗೆ." ವಾರ ಕಳೆಯುವಷ್ಟರಲ್ಲಿ ಮೇಲ್ಕೇರಿಯ ಹೆಂಗಸರು ಗಂಡಂದಿರ ಪಾನ ಕಸಿದುಕೊಂಡು ನಲ್ಲಿ ಬಿಚ್ಚಿ ಜೋಡಿಸುವಷ್ಟು ಪಳಗಿದ್ದರು. ಒಂದು ಹನಿ ಸೋರಲಿಲ್ಲ. ಭದ್ರಮ್ಮಜ್ಜಿಯ ಜಗಲಿಯಲ್ಲಿ ತೂಗುಹಾಕಿದ್ದ ದೂರು ಪುಸ್ತಕ ಬೆಳ್ಳಗೆ ಉಳಿಯಿತು.

ಕೆಳಕೇರಿಯಲ್ಲಿ ರಾಜೇಶನ ಪುಸ್ತಕ ದಪ್ಪವಾಗುತ್ತಿತ್ತು. ಅವನು ಸೋಮಯ್ಯನ ಟ್ಯೂಬ್ ವೈದ್ಯವನ್ನೇ ಮುಂದುವರಿಸಿದ್ದ. ಸೋಮವಾರ ಸುತ್ತಿದ್ದು ಗುರುವಾರ ಸೋರುತ್ತಿತ್ತು. ಗುರುವಾರ ಮತ್ತೊಂದು ದೂರು, ಮತ್ತೊಂದು ಪರಿಹಾರ. ಶ್ರೀನಾಥ ಮೇಷ್ಟ್ರ ಬಚ್ಚಲಿನ ಒಂದೇ ನಲ್ಲಿ ಮೂರು ವಾರದಲ್ಲಿ ಏಳು ಸಲ ರಿಪೇರಿಯಾಗಿ, ಕೊನೆಗೆ ಮೇಷ್ಟ್ರು ಅದರ ಕೆಳಗೆ ಬಕೆಟ್ ಇಟ್ಟು ಅದನ್ನೇ ಷವರ್ ಎಂದು ಒಪ್ಪಿಕೊಂಡಿದ್ದರು.

ಮೂರನೇ ವಾರದ ಸಭೆಯಲ್ಲಿ ಸುರೇಂದ್ರ ಎರಡೂ ಪುಸ್ತಕ ತೆರೆದ. "ಕೆಳಕೇರಿ, ಅರವತ್ತೊಂದು ದೂರು. ಅರವತ್ತೊಂದೂ ಪರಿಹಾರ. ಮೇಲ್ಕೇರಿ..." ಹಾಳೆ ತಿರುವಿದ, ಬೆಳಕಿಗೆ ಹಿಡಿದ. "ಸೊನ್ನೆ. ಏನ್ ಮಾಡ್ತಿದ್ದೆ ತಾಯಿ ಮೂರ್ ವಾರ?"

"ಸೋರ್ತಾ ಇಲ್ಲ ಅಧ್ಯಕ್ಷರೇ."

"ಅದನ್ನೇ ಕೇಳ್ತಿರೋದು. ಸೋರ್ದೆ ಇದ್ಮೇಲೆ ನೀನು ಮಾಡಿದ ಕೆಲ್ಸ ಏನು?"

"ಸೋರ್ದಂಗೆ ಮಾಡಿದ್ದು."

"ಅದು ಪುಸ್ತಕದಲ್ಲಿ ಎಲ್ಲೈತೆ?"

ಮೂಲೆಯಲ್ಲಿದ್ದ ಸದಸ್ಯನೊಬ್ಬ, ಮೇಲ್ಕೇರಿಗೆ ವಾಟರ್‌ಮ್ಯಾನೇ ಬೇಕಿಲ್ಲ ಅನ್ನಿಸ್ತದೆ, ಆ ಕೇರೀದು ಉಳಿತಾಯ ಅಂತ ತೋರಿಸ್ಬೋದು ಎಂದ. ಸಭೆಗೆ ಆ ಮಾತು ಬಹಳ ಹಿಡಿಸಿತು.

ಸುದ್ದಿ ಮೇಲ್ಕೇರಿಗೆ ಮುಟ್ಟಿದ್ದೇ ಭದ್ರಮ್ಮಜ್ಜಿ ಮೊಮ್ಮಗಳನ್ನು ಕೂರಿಸಿಕೊಂಡು ದೂರು ಬರೆಸಿದಳು: 'ನಮ್ಮ ಮನೆಯ ನಲ್ಲಿ ಮೂರು ವಾರದಿಂದ ಸೋರುತ್ತಿಲ್ಲ. ಈ ಬಗ್ಗೆ ಪಂಚಾಯಿತಿ ಏನು ಕ್ರಮ ಕೈಗೊಂಡಿದೆ?' ಪಂಚಾಯಿತಿಯಿಂದ ಮರುದಿನವೇ ಉತ್ತರ ಬಂತು: 'ಸದರಿ ದೂರಿನಲ್ಲಿ ತೊಂದರೆ ಕಂಡುಬರದ ಕಾರಣ ತಿರಸ್ಕರಿಸಲಾಗಿದೆ.'

ಗಂಗಾಮಣಿ ಯಾರಿಗೂ ಹೇಳದೆ ಮಂಜುಶ್ರೀ ಮೇಡಂ ಕಚೇರಿಗೆ ಹೋದಳು. "ಮೇಡಂ, ನಾನು ಓದಿದೋಳಲ್ಲ. ಒಂದ್ ಮಾತು ಕೇಳ್ತೀನಿ. ಜ್ವರ ಬರ್ದಂಗೆ ನೋಡ್ಕಳೋ ಡಾಕ್ಟ್ರು ಸೋಮಾರಿ, ದಿನಾ ಇಂಜೆಕ್ಷನ್ ಚುಚ್ಚೋನು ಶ್ರಮಜೀವಿ ಅಂತ ನಿಮ್ ಪುಸ್ತಕದಲ್ಲೈತಾ?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಕೊನೆಗೆ, "ಗುರುವಾರ ಮಧ್ಯಾಹ್ನ ಮೂರಕ್ಕೆ ನಾನೇ ಬರ್ತೀನಿ. ಎರಡೂ ಕೇರೀಲಿ ಸೋರೋ ನಲ್ಲಿ ಎಣಿಸ್ತೀನಿ. ಕಡಿಮೆ ಇರೋರಿಗೆ ಕೆಲಸ. ಆದ್ರೆ ಯಾರಿಗೂ ಹೇಳ್ಬಾರ್ದು, ತಪಾಸಣೆ ಅಂದ್ರೆ ತಪಾಸಣೆ ಥರಾನೇ ಇರ್ಬೇಕು" ಎಂದರು.

ಗಂಗಾಮಣಿಗೆ ಹೊಟ್ಟೆಯಲ್ಲಿ ಮಾತಿಟ್ಟುಕೊಂಡು ಅಭ್ಯಾಸವಿಲ್ಲ. ಗುಂಡಯ್ಯನೊಬ್ಬನಿಗೆ ಹೇಳಿದಳು. "ಯಾರ ಹತ್ರಾನೂ ಬಾಯ್ ಬುಡಬ್ಯಾಡ" ಎಂದು ಆಣೆ ಹಾಕಿಸಿದಳು. ಗುಂಡಯ್ಯ ಹೇಗೆಂದರೆ, ಅವನಿಗೆ ಗುಟ್ಟು ಹೇಳುವುದೂ ಒಂದೇ, ಸಂತೆಯಲ್ಲಿ ಮೈಕು ಹಿಡಿಯುವುದೂ ಒಂದೇ. ಅವನು ಹೇಗೂ ಹೇಳಿಬಿಡುತ್ತಾನೆ, ಮೇಲ್ಕೇರಿಯವರು ಎಚ್ಚರವಾಗಿರುತ್ತಾರೆ ಎಂಬ ಧೈರ್ಯ ಅವಳಿಗೆ ಒಳಗೊಳಗೇ ಇತ್ತು. ಆದರೆ ಹೆಂಡತಿಯ ಕೆಲಸದ ವಿಷಯವಲ್ಲವೇ? ಹುಟ್ಟಿದ ಮೇಲೆ ಮೊದಲ ಬಾರಿಗೆ ಗುಂಡಯ್ಯ ಕೊಟ್ಟ ಮಾತಿನಂತೆ ನಡೆದುಕೊಂಡ.

ಗುರುವಾರ ಬೆಳಿಗ್ಗೆ ಗಂಗಾಮಣಿ ಸಕಲೇಶಪುರಕ್ಕೆ ಹೋಗಿ, ಪಿನ್ನಿಗೆ ತಾಜಾ ವಾಷರ್ ತುಂಬಿಸಿಕೊಂಡು, ಮೂರಕ್ಕೆ ಕೆಳಕೇರಿಯ ಸ್ಟಾಪಿನಲ್ಲಿ ಬಸ್ಸಿಳಿದಳು. ಮೇಡಂ ಆಗಲೇ ಬಂದಿದ್ದರು. ಹೇಗೋ ವಾಸನೆ ಹಿಡಿದ ಸುರೇಂದ್ರನೂ, ಚೀಲದ ಸಮೇತ ರಾಜೇಶನೂ ಜೊತೆಗಿದ್ದರು.

ಮೊದಲನೇ ಮನೆ. ಟ್ಯೂಬು ಸುತ್ತಿದ ನಲ್ಲಿ. ಒಂದು ಹನಿ ಇಲ್ಲ. ಎರಡನೇ ಮನೆ, ಇಲ್ಲ. ಶ್ರೀನಾಥ ಮೇಷ್ಟ್ರ ಬಚ್ಚಲಿನ ಆ ಖ್ಯಾತ ನಲ್ಲಿಯ ಕೆಳಗಿನ ಬಕೆಟ್ ಕೂಡ ಒಣಗಿತ್ತು. ಗಂಗಾಮಣಿ ಬಗ್ಗಿ ಬಕೆಟ್ಟಿನ ತಳ ಮುಟ್ಟಿ ನೋಡಿದಳು.

"ಒಂದ್ ಸೋರೋ ನಲ್ಲಿ ತೋರ್ಸಿ ಮೇಡಂ!" ಸುರೇಂದ್ರ ತೋಳು ಅಗಲಿಸಿದ. ರಾಜೇಶ ತನಗೇ ನಂಬಿಕೆ ಬಾರದೆ ನಲ್ಲಿಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ.

"ನಲ್ಲಿ ಸ್ವಲ್ಪ ತಿರುಗಿಸಿ ನೋಡಿ ಮೇಡಂ, ನೀರೇ ಬರ್ತಾ ಇಲ್ಲ ಅನ್ಸುತ್ತೆ" ಎಂದಳು ಗಂಗಾಮಣಿ. ಮೇಷ್ಟ್ರೂ, "ಹೌದ್ರೀ, ಹನ್ನೊಂದು ಗಂಟೆಯಿಂದ ಒಂದು ಚೊಂಬು ನೀರಿಲ್ಲ" ಎಂದರು.

"ಮೇಷ್ಟ್ರೇ, ಇವತ್ತಿನ ತಪಾಸಣೆ ಸೋರಿಕೇದು" ಎಂದ ಸುರೇಂದ್ರ ಗಂಭೀರವಾಗಿ. "ನೀರಿಂದು ಬೇರೆ ವಿಷ್ಯ. ಅದಕ್ಕೆ ಬೇರೆ ಅರ್ಜಿ ಕೊಡಿ."

ಮೇಡಂ ತಮ್ಮ ಹಾಳೆ ನೋಡಿದರು. ಅದರಲ್ಲಿ 'ಸೋರುತ್ತಿದೆ', 'ಸೋರುತ್ತಿಲ್ಲ' ಎಂದು ಎರಡೇ ಕಾಲಂ ಇದ್ದವು. ಕೆಳಕೇರಿ: ಸೊನ್ನೆ ಎಂದು ಬರೆದುಕೊಂಡರು.

ಮೇಲ್ಕೇರಿಯ ತಿರುವಿಗೆ ಬರುವ ಮುಂಚೆಯೇ ಸದ್ದು ಕೇಳಿಸಿತು. ಗಂಗಾಮಣಿ ಹಾಲಿಗೆ ಉಕ್ಕು ಬಂದಾಗ ಓಡುವ ಹಾಗೆ ಓಡಿದಳು. ಇಪ್ಪತ್ತೆಂಟು ಅಂಗಳದಲ್ಲಿ ಇಪ್ಪತ್ತೆಂಟು ನಲ್ಲಿಗಳು ಜೋಗವಾಗಿದ್ದವು. ರಸ್ತೆಯ ಮೇಲೆ ನೀರು ಹರಿದು, ಅದರಲ್ಲಿ ಬಾತುಕೋಳಿಗಳು ಹಬ್ಬ ಮಾಡುತ್ತಿದ್ದವು. ಜಗಲಿಯ ಮೇಲೆ ಭದ್ರಮ್ಮಜ್ಜಿ, ಮದುವೆ ಮನೆಯಲ್ಲಿ ಕಳಸ ಹಿಡಿದು ನಿಂತವಳ ಹಾಗೆ, ದೂರು ಪುಸ್ತಕ ಹಿಡಿದು ನಿಂತಿದ್ದಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಸಾಲಾಗಿ.

"ಬಾರವ್ವಾ! ಇಪ್ಪತ್ತೆಂಟು ದೂರು ಬರ್ಸೀವ್ನಿ. ಈಗ ಯಾವ ಸುರೇಂದ್ರ ಬಂದು ಸೊನ್ನೆ ಅಂತಾನೋ ನೋಡ್ತೀನಿ."

"ಏನ್ ಮಾಡ್ಬುಟ್ರಿ ಅಜ್ಜೀ!"

"ನೀನ್ ಹೇಳ್ಕೊಟ್ಟಂಗೇ ಮಾಡಿದ್ವಿ ಕಣೇ. ಮೊದ್ಲು ವಾಲ್ ಬಂದ್ ಮಾಡಿ, ಎಡಕ್ಕೆ ತಿರುಗ್ಸಿ, ವಾಷರ್ ತಗ್ದು, ಮತ್ತೆ ವಾಲ್ ಬಿಟ್ವಿ. ಒಂದ್ ನಲ್ಲೀಗೂ ಗೀರು ಬಿದ್ದಿಲ್ಲ. ಮಗೀಗೆ ಹಲ್ಲುಜ್ಜಿಸ್ದಂಗೆ!"

ಗಂಗಾಮಣಿ ಗುಂಡಯ್ಯನ ಕಡೆ ತಿರುಗಿದಳು. ಅವನು ಅಂಗಳದ ಕೊನೆಯಲ್ಲಿ ಬೆವರುತ್ತ ನಿಂತಿದ್ದ. "ನೀನೇ ತಾನೇ ಯಾರಿಗೂ ಹೇಳ್ಬ್ಯಾಡ ಅಂದಿದ್ದು? ನಾಲಿಗೆ ಕಚ್ಕಂಡು ಕೂತಿದ್ದೆ ಕಣೇ. ಕಣ್ಣೆದ್ರಿಗೆ ಬಿಚ್ತಾ ಇದ್ರು, ಆದ್ರೂ ಹೇಳ್ಲಿಲ್ಲ."

ಅವನ ಮೇಲೆ ಕೋಪ ಮಾಡಿಕೊಳ್ಳಲು ಕೂಡ ಎಡೆಯಿರಲಿಲ್ಲ. ಅಷ್ಟು ಹೊತ್ತಿಗೆ ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು ಎಣಿಸತೊಡಗಿದ್ದರು. ಸುರೇಂದ್ರ ಅವರ ಹಿಂದೆ, "ಅಲ್ಲೊಂದೈತೆ ಮೇಡಂ, ಆ ಹಿತ್ಲಲ್ಲೊಂದು ಬಿಟ್ಟೋಯ್ತು" ಎಂದು ಮರೆಯದೆ ತೋರಿಸುತ್ತಿದ್ದ. ಇಪ್ಪತ್ತೆಂಟಾಯಿತು. ಮೇಡಂ ಗಂಗಾಮಣಿಯ ಮುಖ ನೋಡದೆ ಪೆನ್ನು ತೆಗೆದರು.

ಹೀಗೆ ಮಾಡಿದವರು ವೈರಿಗಳಾಗಿದ್ದರೆ ಗಂಗಾಮಣಿ ಬೈದು ಹಗುರಾಗಬಹುದಿತ್ತು. ಇವರೋ, ಅಡುಗೆಗೆ ನೀರಿಲ್ಲದಿದ್ದರೂ ಸರಿ, ಇವಳಿಗೊಂದು ಕೆಲಸವಾಗಲಿ ಎಂದು ಮನೆ ಒದ್ದೆ ಮಾಡಿಕೊಂಡವರು. ಹರಿಯುವ ನೀರನ್ನೇ ನೋಡುತ್ತ ನಿಂತಳು. ನೀರು ರಸ್ತೆ ದಾಟಿ ಚರಂಡಿಗೆ ಇಳಿಯುತ್ತಿತ್ತು. ಮೇಷ್ಟ್ರ ಒಣಬಕೆಟ್ಟು ನೆನಪಾಯಿತು. ಹನ್ನೊಂದು ಗಂಟೆಯಿಂದ. ಕೆಳಕೇರಿಗೆ ಇಳಿಯಬೇಕಾದ ನೀರೆಲ್ಲ ಇಲ್ಲೇ ಪೋಲಾಗಿದೆಯೆಂದು ಹೊಳೆದದ್ದೇ ಮೇಡಂ ಕಡೆ ತಿರುಗಿದಳು.

"ಮೇಡಂ, ಸಹಿ ಹಾಕೋದು ಅರ್ಧ ಗಂಟೆ ತಡೀರಿ. ಅರ್ಧ ಗಂಟೆ ಸಾಕು."

"ಅರ್ಧ ಗಂಟೇಲಿ ಇಪ್ಪತ್ತೆಂಟು ನಲ್ಲಿ ಮಾಡ್ತೀಯಾ?" ಸುರೇಂದ್ರ ನಕ್ಕ.

"ನಾನ್ಯಾಕೆ ಮಾಡ್ಲಿ?" ಎಂದವಳೇ ಸೆರಗು ಸಿಕ್ಕಿಸಿ, "ಭದ್ರಜ್ಜೀ, ತಗ್ದಿರೋ ವಾಷರೆಲ್ಲ ಎಲ್ಲೈತೆ?" ಎಂದಳು. ಇಪ್ಪತ್ತಾರು ಸೆರಗಿನ ತುದಿಯ ಇಪ್ಪತ್ತಾರು ಗಂಟುಗಳು ಮೇಲಕ್ಕೆದ್ದವು. ಇಬ್ಬರದು ಮಾತ್ರ ಬಾತುಕೋಳಿ ನುಂಗಿದೆಯೆಂಬ ಗುಮಾನಿಯಿತ್ತು. ಅವರಿಗೆ ಪಿನ್ನಿನಿಂದ ಬಿಚ್ಚಿ ಕೊಟ್ಟಳು. ಗುಡ್ಡ ಹತ್ತಿ ವಾಲ್ ಬಂದ್ ಮಾಡಿ ಅಲ್ಲಿಂದಲೇ ಕೂಗಿದಳು, "ಹೂಂ, ಶುರು ಮಾಡ್ರಮ್ಮಾ!"

ಮಂಜುಶ್ರೀ ಮೇಡಂ ತಮ್ಮ ನೌಕರಿಯಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಇಪ್ಪತ್ತೆಂಟು ಹೆಂಗಸರು ಏಕಕಾಲಕ್ಕೆ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾನ ಹಿಡಿದು, ಒಬ್ಬರಿಗೊಬ್ಬರು ಕೂಗಿ ಹೇಳುತ್ತ, ಬಲಕ್ಕೆ ತಿರುಗಿಸುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಕೇರಿಯ ಕೊನೆಯಿಂದ "ಆಯ್ತು" ಎಂಬ ಕೂಗು ಬಂತು. ಗಂಗಾಮಣಿ ಮೆಲ್ಲಗೆ ವಾಲ್ ತಿರುಗಿಸಿದಳು. ಮೇಡಂ ಒಂದೊಂದೇ ಅಂಗಳಕ್ಕೆ ಹೋಗಿ ಬಂದರು. ಹನಿಯಿಲ್ಲ.

ಮೇಲ್ಕೇರಿಯಲ್ಲಿ ಹೊರಬೀಳಲು ಎಡೆ ಸಿಗದ ನೀರು ಪೈಪಿನೊಳಗೆ ಗಾಳಿಯನ್ನು ದಬ್ಬಿಕೊಂಡು ಕೆಳಕೇರಿಗೆ ಇಳಿಯಿತು. ಐದು ನಿಮಿಷಕ್ಕೆ ಸುರೇಂದ್ರನ ಜೇಬಿನಲ್ಲಿ ಫೋನು ಕೂಗಿತು. ಅವನ ಹೆಂಡತಿ ಶಾಲಿನಿಯ ಗಂಟಲು ಫೋನಿಲ್ಲದೆಯೂ ಗುಡ್ಡ ಹತ್ತುತ್ತಿತ್ತು. "ರೀ! ಅಡುಗೆಮನೆ ಕೆರೆ ಆಗೋಯ್ತು ಕಣ್ರೀ! ನಲ್ಲಿ ಹೂಸ್ ಅಂತ ಕೆಮ್ಮಿ, ಟ್ಯೂಬೆಲ್ಲ ಕಿತ್ಕಂಡು, ಸಾರಿನ ಪಾತ್ರೆ ಒಳಗೇ ಬಿತ್ತು! ಎಲ್ಲಿದಾನೆ ನನ್ ತಮ್ಮ?"

ಎಲ್ಲರೂ ಇಳಿದರು. ಕೆಳಕೇರಿಯ ಉದ್ದಕ್ಕೂ ಟ್ಯೂಬಿನ ಪಟ್ಟಿಗಳು ಹಾವಿನ ಪೊರೆಯ ಹಾಗೆ ಬಿದ್ದಿದ್ದವು. ಮೇಡಂ ನಡೆಯುತ್ತಲೇ ಸೊನ್ನೆಯನ್ನು ಹೊಡೆದುಹಾಕಿ ಎಣಿಸುತ್ತ ಬಂದರು, ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇಪ್ಪತ್ತನೆಯದೇ ಅಧ್ಯಕ್ಷರ ಅಡುಗೆಮನೆ. ಶಾಲಿನಿ ಎರಡೂ ಅಂಗೈಯಿಂದ ನಲ್ಲಿ ಒತ್ತಿಹಿಡಿದಿದ್ದಳು. ಬೆರಳ ಸಂದಿಯಿಂದ ನೀರು ಎಲ್ಲ ದಿಕ್ಕಿಗೂ ಚಿಮ್ಮುತ್ತಿತ್ತು. ರಾಜೇಶ ಕೊನೆಗೂ ಚೀಲದ ಜಿಪ್ಪು ತೆಗೆದ. ಹನ್ನೆರಡು ಪಾನಗಳಲ್ಲಿ ಯಾವುದು ಎಂದು ಆರಿಸುತ್ತ ಕೂತ.

"ಗಂಗಕ್ಕಾ, ನೀನ್ ಬಾರಕ್ಕಾ!" ಎಂದಳು ಶಾಲಿನಿ.

ಗಂಗಾಮಣಿ ಹೊಸ್ತಿಲಲ್ಲೇ ನಿಂತಳು. "ಇದು ರಾಜಣ್ಣನ ಕೇರಿ ತಾಯೀ. ಒಬ್ರ ಕೇರೀಲಿ ಇನ್ನೊಬ್ರು ಕೈ ಹಾಕಂಗಿಲ್ಲ ಅಂತ ಅಧ್ಯಕ್ಷರೇ ಠರಾವು ಮಾಡವ್ರೆ."

ಶಾಲಿನಿ ಗಂಡನ ಕಡೆ ಒಮ್ಮೆ, ತಮ್ಮನ ಕಡೆ ಒಮ್ಮೆ ನೋಡಿದಳು. "ಆ ಠರಾವಿಗಿಷ್ಟು ಬೆಂಕಿ ಹಾಕ. ಇವ್ನಿಗೆ ಕೆಲ್ಸ ಕೊಡ್ಸಿ ಅಂತ ನಿಮ್ ಪ್ರಾಣ ತಿಂದೋಳು ನಾನೇ. ಬ್ಯಾಡ ಅಂತ್ಲೂ ನಾನೇ ಹೇಳ್ತಾ ಇದೀನಿ. ಸಹಿ ಹಾಕ್ರೀ!"

ಆ ಮನೆಯಲ್ಲಿ ಒಣಗಿದ್ದ ಜಾಗ ಫ್ರಿಜ್ಜಿನ ನೆತ್ತಿ ಒಂದೇ. ಮಂಜುಶ್ರೀ ಮೇಡಂ ಹಾಳೆಯನ್ನು ಅದರ ಮೇಲಿಟ್ಟು, ತುದಿಗಾಲಲ್ಲಿ ನಿಂತು, ಶಿಫಾರಸು ಬರೆದರು: ವಾಟರ್‌ಮ್ಯಾನ್ ಹುದ್ದೆಗೆ ಶ್ರೀಮತಿ ಗಂಗಾಮಣಿ. ಸುರೇಂದ್ರ ಒದ್ದೆ ಕೈಯನ್ನು ಅಂಗಿಗೆ ಒರೆಸಿದ. ಅಂಗಿಯೂ ಒದ್ದೆ. ಸಹಿ ಅರ್ಧ ಕರಗಿ ನೀಲಿ ಮೋಡದ ಹಾಗೆ ಮೂಡಿತು, ಆದರೂ ಮೂಡಿತು.

ಗಂಗಾಮಣಿ ಹಾಳೆಯಲ್ಲಿ ತನ್ನ ಹೆಸರನ್ನು ಬೆರಳಿಟ್ಟು ಓದಿಕೊಂಡಳು. ಆಮೇಲೆ ಒಳಗೆ ಕಾಲಿಟ್ಟಳು. "ರಾಜಣ್ಣಾ, ಓಡೋಗಿ ವಾಲ್ ಬಂದ್ ಮಾಡ್ಕಂಡ್ ಬಾ." ರಾಜೇಶ ಹಗುರಾದವನ ಹಾಗೆ ಓಡಿದ. ನೀರು ನಿಂತ ಮೇಲೆ ನಲ್ಲಿ ಬಿಚ್ಚಿದಳು. ಒಳಗೆ ಗಮ್‌ಬೂಟಿನಿಂದ ರಾಜೇಶ ಕೊಯ್ದು ತುರುಕಿದ್ದ ರಬ್ಬರಿನ ತುಂಡೊಂದಿತ್ತು. ಚೌಕಾಕಾರ. ಏದುಸಿರು ಬಿಡುತ್ತ ಬಂದ ರಾಜೇಶನಿಗೆ ಅದನ್ನು ಕೊಟ್ಟು, "ರಬ್ಬರೇನೋ ಒಳ್ಳೇದೇ ಐತೆ ಕಣಪ್ಪಾ. ಪೈಪು ಗುಂಡಗಿರ್ತದೆ, ಅಷ್ಟು ನೆನಪಿಟ್ಕೋ" ಎಂದಳು. ಅಣಕಿಸಿ ಹೇಳಿದ್ದಲ್ಲ.

ಮುಂದಿನ ಸಭೆಯಲ್ಲಿ ನೇಮಕ ಪಾಸಾಯಿತು. ರಾಜೇಶನನ್ನು ಕೈಬಿಡಲಾದೀತೇ? ಅವನಿಗಾಗಿ 'ದೂರು ಪುಸ್ತಕ ಮೇಲ್ವಿಚಾರಕ' ಎಂಬ ಹೊಸ ಹುದ್ದೆ ಸೃಷ್ಟಿಯಾಗಿ, ಒಂದು ಕುರ್ಚಿಯೂ ಬಂತು.

ನೇಮಕದ ಕಾಗದ ಹಿಡಿದು ಗಂಗಾಮಣಿ ಮೇಲ್ಕೇರಿಗೆ ಬಂದಾಗ ಭದ್ರಮ್ಮಜ್ಜಿ ಜಗಲಿಯ ಮೇಲೆ ಕಾದಿದ್ದಳು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಸೀಲಿನ ಮೇಲೆ ಬೆರಳಾಡಿಸಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ನೋಡ್ದೇನೇ? ಅವತ್ತು ನಾವು ಬಿಚ್ಚದೇ ಇದ್ದಿದ್ರೆ ನಿಂಗೆ ಈ ಕೆಲ್ಸ ಸಿಗ್ತಿತ್ತಾ?"

"ಇಲ್ಲ ಅಜ್ಜೀ" ಎಂದಳು ಗಂಗಾಮಣಿ. ಯೋಚಿಸಿದರೆ ಅದು ಸುಳ್ಳೂ ಆಗಿರಲಿಲ್ಲ.

"ನೀನೇನೂ ಹೆದ್ರಬ್ಯಾಡ" ಭದ್ರಮ್ಮಜ್ಜಿ ಅವಳ ಬೆನ್ನು ಸವರಿದಳು. "ನಾವೆಲ್ಲ ಮಾತಾಡ್ಕಂಡೀವಿ. ವರ್ಷಕ್ಕೊಂದ್ಸಲ, ಹಬ್ಬ ಕಳದ್ಮೇಲೆ, ಎಲ್ಲಾ ಸೇರಿ ಹಿಂಗೇ ಬಿಚ್ಬುಡ್ತೀವಿ. ನಿನ್ ಕೆಲ್ಸ ಗಟ್ಟಿ ಇರ್ಲಿ."